ಅಂಗಳದ ಕಂಬ, ಉಪ್ಪಿನ ಕಾಫಿ

ಸಿದೆ ಕಡಲತೀರ,
ಮೇ ೧೪, ಗುರುವಾರ

ಮುನಿಸಿಕೊಂಡು ಬೆಟ್ಟ ಹತ್ತಿದ ನನ್ನ ಶಾಕಿರ್ ಅವರಿಗೆ,

ಮಂಡಿನೋವು ಹೇಗಿದೆ? ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಅಲ್ಲಿ ನಿಮ್ಮ ಅಣ್ಣನ ಮನೆಯ ಬೆಣ್ಣೆ ಕಂಡರೆ ನಿಮಗೆ ಡಾಕ್ಟರ ಮಾತು ನೆನಪಿರುವುದಿಲ್ಲ, ನನಗೆ ಗೊತ್ತು. ನಾವಿಲ್ಲಿ ಕ್ಷೇಮ. ಸಮುದ್ರ ಬೆಚ್ಚಗಾಗಿದೆ, ಪ್ರವಾಸಿಗರಿಂದ ನಮ್ಮ ವಸತಿಗೃಹದ ನಾಲ್ಕು ಕೋಣೆಗಳೂ ಭರ್ತಿ. ಐದನೆಯದಕ್ಕೆಂದು ನೀವು ಪಾಯ ತೋಡಿದಾಗ ಸಿಕ್ಕ ಅಮೃತಶಿಲೆಯ ಕಂಬ ಅಂಜೂರದ ಮರದಡಿ ಹಾಗೆಯೇ ಮಲಗಿದೆ. ಮ್ಯೂಸಿಯಮ್ಮಿನ ತಾರಿಕ್ ಬಂದು ಅದರ ಸುತ್ತ ಹಗ್ಗ ಕಟ್ಟಿ ಕೆಲಸ ನಿಲ್ಲಿಸಿದ್ದೇ ನಿಮಗೆ ಉರಿ. ನಮ್ಮ ಗುಲ್ಸುಮ್ ಅವನನ್ನೇ ಮೆಚ್ಚಿದ್ದು ಆ ಉರಿಗೆ ಸುರಿದ ತುಪ್ಪ. "ಕಲ್ಲು ಕಾಯೋನಿಗೆ ಮಗಳನ್ನ ಕೊಡಲ್ಲ" ಎಂದು ನೀವೇನೋ ಬಸ್ಸು ಹತ್ತಿದಿರಿ. ಆದರೆ ಹೆಣ್ಣು ಕೇಳಲು ಅವನ ತಂದೆತಾಯಿ ಅಷ್ಟು ದೂರದ ಎರ್ಜುರುಮ್‌ನಿಂದ ಹೊರಟಾಗಿತ್ತು. ಮಂಗಳವಾರ ಬಂದಿಳಿದರು.

ತಾಯಿ ಸಕೀನೆ ಸಮುದ್ರವನ್ನೇ ಕಂಡವರಲ್ಲ. ಉಣ್ಣೆಯ ಕಾಲುಚೀಲ ಸಮೇತ ನೀರಿಗಿಳಿದು, ಅಲೆ ಬಂದಾಗಲೆಲ್ಲ ಕಿರುಚಿ ನಕ್ಕು, ನನ್ನನ್ನೂ ನೀರಿಗೆ ಎಳೆದರು. ಎಷ್ಟು ವರ್ಷವಾಗಿತ್ತು ನಾನು ಹಾಗೆ ನಕ್ಕು! ಮನೆಗೆ ಬಂದವರೇ ಒದ್ದೆ ಕಾಲುಚೀಲಗಳನ್ನು ಆ ಕಂಬದ ಮೇಲೆ ಒಣಹಾಕಿದರು. ತಾರಿಕ್ ಓಡಿ ಬಂದ. "ಅಮ್ಮಾ, ತೆಗಿ! ಅದು ಎರಡು ಸಾವಿರ ವರ್ಷದ್ದು!" "ಅಷ್ಟು ವರ್ಷ ಇದ್ದದ್ದು ನನ್ನ ಕಾಲುಚೀಲಕ್ಕೆ ಸಾಯತ್ತೇನೋ?" ಎಂದರು ಅವರು. ಆದರೂ ತೆಗೆಸಿಯೇ ಬಿಟ್ಟ. ಹೆತ್ತ ತಾಯಿಯನ್ನೇ ಬಿಡದವನು ನಿಮ್ಮನ್ನು ಬಿಟ್ಟಾನೆಯೇ? ಅವನಿಗೆ ನಿಮ್ಮ ಮೇಲೆ ಹಗೆಯಿಲ್ಲ ಕಣ್ರೀ.

ನಿನ್ನೆ ಸಂಜೆ ಹೆಣ್ಣು ಕೇಳುವ ಶಾಸ್ತ್ರ. ಗುಲ್ಸುಮ್ ಗಡಿಬಿಡಿಯಲ್ಲಿ ಕಾಫಿಯ ತಟ್ಟೆಯನ್ನು ಹಿಂದುಮುಂದಾಗಿ ಹಿಡಿದುಬಿಟ್ಟಳು. ವರನ ತಾಳ್ಮೆ ಪರೀಕ್ಷಿಸಲೆಂದು ಪದ್ಧತಿಯಂತೆ ಉಪ್ಪು ಸುರಿದ ಕಾಫಿ ಅವನ ತಂದೆ ಹಿಲ್ಮಿಯವರ ಕೈಗೆ ಹೋಯಿತು. ಪಾಪ, ಕಣ್ಣಲ್ಲಿ ನೀರು ಬಂದರೂ ತಳದವರೆಗೆ ಕುಡಿದು, "ಕೈರುಚಿ ಚೆನ್ನಾಗಿದೆ ಮಗಳೇ" ಎಂದರು. ಇತ್ತ ತಾರಿಕ್, ತನ್ನ ಕಾಫಿ ಸಿಹಿಯಾಗಿದೆಯೆಂದರೆ ಹುಡುಗಿಗೆ ತಾನು ಬೇಡವಾದೆನೆಂದು ಬಿಳಿಚಿಕೊಂಡು ಕುಳಿತಿದ್ದ. ವಿಷಯ ತಿಳಿದಾಗ ಸಕೀನೆ ನಕ್ಕೂ ನಕ್ಕೂ ಸೋಫಾದಿಂದ ಜಾರಿದರು. ನೀವು ಅಂದು ನನ್ನ ಉಪ್ಪು ಕಾಫಿಯನ್ನು ನಮ್ಮಪ್ಪನ ಅಂಗಿಯ ಮೇಲೆಯೇ ಉಗುಳಿದಿರಿ. ಆದರೂ ನಮ್ಮಪ್ಪ ನನ್ನನ್ನು ಕೊಟ್ಟ. ಆಮೇಲೆ ಹಿಲ್ಮಿಯವರು ಗಂಟಲು ಸರಿಮಾಡಿಕೊಂಡು, "ಅಲ್ಲಾಹನ ಅಪ್ಪಣೆ, ಪ್ರವಾದಿಯ ಮಾತು. ನಿಮ್ಮ ಮಗಳನ್ನ ನಮ್ಮ ಮಗನಿಗೆ ಕೇಳ್ತಿದೀವಿ ತಂಗೀ" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಅಷ್ಟರಲ್ಲಿ... ನೋಡಿ, ಈಗ ಮೂರನೇ ಕೋಣೆಯವರು ಟವೆಲ್ ಕೇಳುತ್ತಿದ್ದಾರೆ, ಮುಗಿಸುತ್ತೇನೆ.

ಅಣ್ಣ ಅತ್ತಿಗೆಯರ ಕೈಗೆ ನನ್ನ ಗೌರವದ ಮುತ್ತು. ಅಲ್ಲಾಹ ನಿಮ್ಮ ಮಂಡಿಗೂ ಮನಸ್ಸಿಗೂ ನೆಮ್ಮದಿ ಕೊಡಲಿ.

ನಿಮ್ಮ
ಫಿಕ್ರಿಯೆ

ಮರೆತಿದ್ದೆ: "ಕೊಟ್ಟೆವು" ಎಂದುಬಿಟ್ಟೆ. ನಿಮ್ಮ ಹೆಸರಿನಲ್ಲೇ. ಕೆಂಪು ರಿಬ್ಬನ್ನಿನಿಂದ ಜೋಡಿಸಿದ ಉಂಗುರಗಳೂ ಬೆರಳಿಗೇರುತ್ತಿದ್ದವು, ಆದರೆ ಗುಲ್ಸುಮ್ ಕೈ ಹಿಂದೆಗೆದಳು. "ಕೆಂಪು ರಿಬ್ಬನ್ ಕತ್ತರಿಸೋದು ಅಪ್ಪನೇ" ಎಂದು ಅತ್ತಳು. ಬೀಗರು ಭಾನುವಾರದವರೆಗೆ ಕಾಯುತ್ತಾರೆ. ಬೆಳಗಿನ ಬಸ್ಸಿಗೇ ಬನ್ನಿ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಅವಳನ್ನಲ್ಲ.