ಎರಡನೇ ಅರ್ಜಿ

ರಶ್ಮಿತಾ,

ರಾತ್ರಿ ನಿದ್ದೆ ಮಾಡಿಲ್ಲ ಅಂತ ನಿನ್ನ ಎಬ್ಬಿಸಲಿಲ್ಲ. ಹರಿಹರಕ್ಕೆ ಹೋಗಿ ಮಧ್ಯಾಹ್ನ ಬರ್ತೀನಿ. ರೊಟ್ಟಿ ಡಬ್ಬೀಲಿ ಐತೆ, ಎಣಗಾಯಿ ಬಿಸಿ ಮಾಡ್ಕೋ. ಗಂಟಲು ಕಟ್ಟೈತೆ, ಮೊಸರು ಮುಟ್ಟಬ್ಯಾಡ.

ಗುಡೀಲಿ ನಾನು ಹೂ ಕೇಳಿದಾಗ ದೇವರು ಬಲಗಡೆ ಕೊಟ್ಟ. ಅದನ್ನೇ ನಂಬಿ ನೀನು ಮೈಸೂರಿನ ನಾಟಕ ಶಾಲೆ ಒಂದಕ್ಕೇ ಅರ್ಜಿ ಹಾಕಿ ಕೂತಿದ್ದೀಯ. ಹಾಡಿಸಿ, ಕುಣಿಸಿ ನೋಡಿ ಬೆರಳೆಣಿಕೆ ಮಂದೀನ ತಗೊಳ್ಳೋ ಜಾಗ ಅದು. ಸಿಗದಿದ್ದರೆ?

ಸಿಗದಿದ್ದರೆ ಇರಲಿ ಅಂತ ನಿಮ್ಮಪ್ಪಾಜಿ ಮಂಡಿಪೇಟೆಯಿಂದ ಬರ್ತಾ ಬಿ.ಕಾಂ. ಅರ್ಜಿ ತಂದಿಟ್ಟಾರೆ. ಅವರ ಮುಂದೆ ಸಿಟ್ಟು ಮಾಡಬ್ಯಾಡ, ಅದನ್ನ ತುಂಬಲೂ ಬ್ಯಾಡ. ಅಲ್ಲಿ ಸೇರಿದರೆ ನಿನ್ನ ಬಾಯಿಗೆ ಬೀಗ ಬಿದ್ದಂಗೆ. ಹರಿಹರದ ಕಾಲೇಜಲ್ಲಿ ಬಿ.ಎ.ಗೆ ಸಂಗೀತ ಐತಂತೆ, ವರ್ಷಕ್ಕೊಂದು ನಾಟಕಾನೂ ಆಡ್ತಾರಂತೆ. ಹಾಡಿಸಿ ನೋಡದೇ ಸೇರಿಸ್ಕೊಳ್ತಾರೆ. ಆ ಅರ್ಜಿ ತರೋಕೇ ಹೊರಟಿದ್ದೀನಿ.

ಅಮ್ಮನಿಗೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಮುಖ ಊದಿಸ್ಕೋಬ್ಯಾಡ. ನಾನು ಅವತ್ತು ಕೇಳಿದ್ದು ಮೈಸೂರಿನ ಸೀಟಲ್ಲ, ರಶ್ಮಿ. ಎಲ್ಲೇ ಓದಿದರೂ ನಿನ್ನ ಹಾಡು ನಿಲ್ಲಬಾರದು ಅಂತ ಕೇಳಿದ್ದೆ. ಹೂ ಬಿದ್ದಿದ್ದು ಅದಕ್ಕೆ.

ಅಮ್ಮ