ನಿನ್ನಪ್ಪನಿಗೆ ಇಟ್ಟ ಎಡೆ

ಬಿಳಿಕೆರೆ
22-9-2025, ಸೋಮವಾರ

ನನ್ನ ರಾಧಾಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರು. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಅತ್ತೆ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಬರೆದು, ಕವರಿಗೆ ಅಂಟು ಹಾಕಿ ನಿನ್ನ ಗಂಡನ ಕೈಲಿ ಕೊಡುತ್ತಿದ್ದೇನೆ.

ನಿನ್ನೆ ಮಾರ್ಲಮಿ ಹಬ್ಬ. ಹೋದ ಸಲ ನಿನ್ನಪ್ಪ ತೀರಿ ವರ್ಷ ತುಂಬಿರಲಿಲ್ಲ, ಎಡೆ ಇಡಲಿಲ್ಲ. ಈ ಸಲವೇ ಮೊದಲು. ಸತ್ತವರಿಗೆ ಅವರು ಆಸೆಪಟ್ಟು ತಿಂದದ್ದನ್ನೇ ಇಡಬೇಕಲ್ಲ. ಕೋಳಿ ಮಾಡಿದರೆ ಯಾರಿಗೂ ತೊಂದರೆಯಿಲ್ಲ, ಆದರೆ ಅದು ಅವರ ಊಟವಲ್ಲ. "ಈ ಮನೆಯಲ್ಲಿ ದೊಡ್ಡ ಬಾಡು ಬೇಯಿಸಿದರೆ ನನ್ನ ಗಂಡ ಹೊಸ್ತಿಲು ತುಳಿಯುವುದಿಲ್ಲ, ನಾನೂ ಬರುವ ಹಾಗಿಲ್ಲ" ಎಂದು ಮದುವೆಯಾದ ಹೊಸದರಲ್ಲಿ ನೀನು ಹೇಳಿದೆ. ಅವತ್ತಿನಿಂದ ನಿನ್ನಪ್ಪ ದನ, ಎಮ್ಮೆಯ ಬಾಡು ಮುಟ್ಟಲಿಲ್ಲ. ಮಗಳು ಬಂದರೆ ಅದೇ ಬಾಡೂಟ ಎನ್ನುತ್ತಿದ್ದರು.

ಕಡೆಗೆ ಹುಚ್ಚಯ್ಯ ಚಿಕ್ಕಪ್ಪನಿಗೆ ಹೇಳಿ ಹುಣಸೂರಿನಿಂದ ಎಮ್ಮೆ ಬಾಡು ತರಿಸಿದೆ, ನೆಣ ಇರುವುದೇ. ಕುಕ್ಕರಿನಲ್ಲಿ ಬಾಡು ಬೇಯುತ್ತೆ, ಸಾರು ಬೇಯಲ್ಲ ಎಂಬುದು ನಿನ್ನಪ್ಪನ ಮಾತು. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಅರಿಶಿನ ಉಪ್ಪು ಹಾಕಿ ಬೇಯಲಿಟ್ಟೆ. ಸಣ್ಣ ಈರುಳ್ಳಿ ಸುಟ್ಟು ಕೊತ್ತಂಬರಿ ಬೀಜ, ಮೆಣಸಿನಕಾಯಿ, ತೆಂಗಿನಕಾಯಿ ಜೊತೆ ಕಲ್ಲಿನಲ್ಲೇ ಅರೆದೆ. ನೆಣ ಕರಗಿ ಸಾರಿನ ಮೇಲೆ ತೇಲಿದಾಗ ಆ ವಾಸನೆಗೆ ಕಣ್ಣು ತುಂಬಿತು. ದುಃಖವೋ ಹಸಿವೋ, ಎರಡೂ ಇತ್ತು.

ಎಡೆ ಇಟ್ಟು, ಹಿರಿಯರು ಉಣ್ಣಲೆಂದು ಬಾಗಿಲು ಹಾಕಿಕೊಂಡು ಜಗುಲಿಗೆ ಬಂದೆ. ಅಷ್ಟರಲ್ಲಿ ನಿನ್ನ ಗಂಡ ಶರತ್! ನಿಮ್ಮ ಮನೆಯ ಎಡೆ ಮುಗಿಸಿ, ಮಾವನಿಗೆಂದು ಹೊಸ ಪಂಚೆ ತಂದಿದ್ದರು. ಹಿರಿಯರು ಉಂಡು ಏಳುವ ತನಕ ಬಾಗಿಲು ತೆಗೆಯುವ ಹಾಗಿಲ್ಲ, ಅದು ನಿನ್ನ ಗಂಡನಿಗೂ ಗೊತ್ತು. ನನ್ನ ಪಕ್ಕದಲ್ಲೇ ಕೂತು, ಮಾವನಿಗೆ ಏನು ಮಾಡಿದ್ದೀರಿ ಎಂದು ಕೇಳಿದರು. ಕುರಿ ಎಂದು ಬಾಯಿಗೆ ಬಂದಿತ್ತು. ನಿನ್ನಪ್ಪ ಒಳಗೆ ಉಣ್ಣುತ್ತಿರುವಾಗ ಹೊರಗೆ ಕೂತು ಅವರ ಊಟದ ಬಗ್ಗೆ ಸುಳ್ಳು ಹೇಳಲೇ? ದೊಡ್ಡ ಬಾಡು ಎಂದೆ.

ಶರತ್ ನಕ್ಕುಬಿಟ್ಟರು. "ಗೊತ್ತಾಯ್ತು ಬುಡಿ ಅತ್ತೆ, ಬಸ್ ಸ್ಟ್ಯಾಂಡ್ ಗಂಟ ಗಮಲು ಬತ್ತಾ ಅದೆ. ಮೆತ್ತಗೆ ಮಾತಾಡಿ, ಮಾವ ಉಣ್ತಾವ್ರೆ."

ಬಾಗಿಲು ತಟ್ಟಿ ತೆಗೆದ ಮೇಲೆ ಪಂಚೆ ಇಟ್ಟು ಅಡ್ಡಬಿದ್ದರು. ಊಟಕ್ಕೆ ಕೂತಾಗ ನಾನು ಸಂಕೋಚದಿಂದ ಬಾಡು ಬಡಿಸಿಕೊಳ್ಳದೆ ಇದ್ದೆ. "ನಂಗೆ ರೂಢಿ ಇಲ್ಲ ಕಣತ್ತೆ, ಮುದ್ದೆಗೆ ಸೊಪ್ಪಿನ್ ಸಾರು ಬುಡಿ ಸಾಕು. ನೀವ್ ಯಾಕೆ ಬಾಯಿ ಕಟ್ಕೊಂಡಿದ್ದೀರಿ, ಉಣ್ಣಿ" ಎಂದರು. ಒಂದೇ ಚಾಪೆಯ ಮೇಲೆ ಕೂತು ಉಂಡೆವು. ನಾನು ಎರಡು ಸಲ ಬಡಿಸಿಕೊಂಡೆ. ಅವರು ರಾತ್ರಿ ಇಲ್ಲೇ ಉಳಿದರು. ಬಹಳ ದಿನದ ಮೇಲೆ ಹೊಟ್ಟೆ ತುಂಬಾ ಉಂಡು ಮಲಗಿದೆ.

ದಸರಾ ಕಳೆದ ಮೇಲೆ ಬಾ. ನಿನ್ನಪ್ಪನ ತಟ್ಟೆಯಿಂದ ನೆಣ ಆರಿಸಿಕೊಂಡು ತಿನ್ನುತ್ತಿದ್ದವಳು ನೀನು. ನೀನು ಹೂಂ ಅಂದರೆ ಮತ್ತೆ ಮಾಡುತ್ತೇನೆ.

ಎಂದಿಗೂ ನಿನ್ನ ಒಳ್ಳೆಯದನ್ನೇ ಬಯಸುವ
ಅವ್ವ, ಭದ್ರಮ್ಮ

ಇನ್ನೊಂದು ಮಾತು: "ಇಷ್ಟು ಆಸೆಯ ಊಟವನ್ನು ಮಾವ ಯಾಕೆ ಬಿಟ್ಟಿದ್ದರು, ನಾನು ಯಾವತ್ತೂ ಬೇಡ ಅಂದವನಲ್ಲವಲ್ಲ" ಎಂದು ನಿನ್ನ ಗಂಡ ಕೇಳಿದರು. ಡಾಕ್ಟರು ಬೇಡ ಅಂದಿದ್ದರು ಎಂದು ಹೇಳಿದ್ದೇನೆ. ನಿನ್ನನ್ನು ಕೇಳಿದರೆ ನೀನೂ ಹಾಗೇ ಹೇಳು.