ಬಾರದ ದೋಣಿಗೆ ತೆರೆಯುವ ಬಾಗಿಲು

ಹೊಸಕಟ್ಟೆ, ಕೃಷ್ಣಾ ನದಿ ದಂಡೆ
೧೧ ಆಗಸ್ಟ್ ೨೧೮೬

ನನ್ನ ಮುತ್ತಜ್ಜಿಗೂ ಹಿಂದಿನ ಹಿರಿಯರಿಗೆ,

ಈ ತಾರೀಖು ನೋಡಿ ನೀವು ಕಾಗದವನ್ನು ಕೆಳಗಿಡಬಹುದು. ದಯವಿಟ್ಟು ಇಡಬೇಡಿ. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮಲ್ಲಿ ಅವು ದಿನಬಳಕೆಯವು. ನನಗೆ ಇಪ್ಪತ್ತಮೂರು ವರ್ಷ. ಶಾಲೆಗಿಂತ ಹೆಚ್ಚು ಕಲಿತದ್ದು ಕರಪತ್ರಗಳಿಂದ. ತಪ್ಪು ಮಾಡಿದ್ದೂ ಕರಪತ್ರ ಬರೆದೇ.

ನಮ್ಮೂರಿನಲ್ಲಿ ಒಂದು ನೀರುಮೆಟ್ಟಿಲು ಇದೆ. ಹೊಳೆಗೆ ಅಡ್ಡಲಾಗಿ ಎರಡು ಕಬ್ಬಿಣದ ಬಾಗಿಲು, ನಡುವೆ ದೊಡ್ಡ ತೊಟ್ಟಿ. ಸರಕಿನ ದೋಣಿ ತೊಟ್ಟಿಯೊಳಗೆ ಬಂದರೆ ನೀರು ತುಂಬಿಸಿ ಅದನ್ನು ಮೇಲಿನ ಹೊಳೆಗೆ ಏರಿಸುತ್ತೇವೆ. ಹತ್ತಿ, ಜೋಳ, ಸಿಮೆಂಟು, ಎಣ್ಣೆ ಎಲ್ಲ ಹೀಗೆ ಮೆಟ್ಟಿಲು ಹತ್ತಿ ಹೋಗುತ್ತವೆ. ಬಾಗಿಲು ಕಾಯುವವರು ಹುಸೇನಮ್ಮ. ದೋಣಿ ಬರಲಿ ಬಿಡಲಿ, ಎಂಟು ದಿನಕ್ಕೊಮ್ಮೆ ಬೆಳಿಗ್ಗೆ ಬಾಗಿಲು ತೆಗೆದು ನೀರು ಹಾಯಿಸುವುದು ಅವರ ಪದ್ಧತಿ. ಊರಿನವರು ಅದನ್ನು ಬರಿಬಾಗಿಲು ಎನ್ನುತ್ತಾರೆ. ಅವತ್ತು ಕಟ್ಟೆಯ ಮೇಲೆ ಯಾರೂ ಬಟ್ಟೆ ಒಣಹಾಕುವುದಿಲ್ಲ, ನೀರು ಅಲ್ಲಿಯವರೆಗೂ ಸಿಡಿಯುತ್ತದೆ.

ಹೊಸ ರೈಲುದಾರಿ ಬಂದ ಮೇಲೆ ದೋಣಿಗಳು ಕಡಿಮೆಯಾದವು. ನಾನು ಒಂದು ಕರಪತ್ರ ಬರೆದು ‘ಬಾರದ ದೋಣಿಗೆ ಬಾಗಿಲು ತೆಗೆಯುವವರು’ ಎಂದು ಹೆಸರಿಟ್ಟೆ. ಸಂತೆಯಲ್ಲಿ ಜನ ಓದಿಸಿಕೊಂಡು ನಕ್ಕರು. ಆಮೇಲೆ ಕೈಸಭೆ ಸೇರಿತು. ಸರ್ಕಾರದ ಹಣ ಊರಿನ ಯಾವ ಕೆಲಸಕ್ಕೆ ಹೋಗಬೇಕೆಂದು ಊರೇ ಕೈಯೆತ್ತಿ ತೀರ್ಮಾನಿಸುವ ಸಭೆ ಅದು. ಹುಸೇನಮ್ಮ ಎದ್ದು, ನೀರು ಹಾಯದಿದ್ದರೆ ಬಾಗಿಲ ಬುಡಕ್ಕೆ ಹೂಳು ಕೂರುತ್ತದೆ, ನಾಳೆ ಯುದ್ಧವಾದರೆ ಸೈನ್ಯಕ್ಕೆ ಇದೇ ದಾರಿ ಎಂದರು. ದೇಶದ ಹೆಸರಿನಲ್ಲಿ ಹೆದರಿಸಿ ಹಣ ಕೇಳುವುದು ಹಳೆಯ ಚಾಳಿ ಎಂದೆ ನಾನು. ಚಪ್ಪಾಳೆ ಬಿತ್ತು. ಬಾಗಿಲಿನ ಹಣ ಓದುಮನೆ ಕಟ್ಟಲು ಹೋಯಿತು, ಬರಿಬಾಗಿಲು ನಿಂತಿತು. ಓದುಮನೆಯ ಕಪಾಟಿನಲ್ಲಿ ನನ್ನ ಕರಪತ್ರ ಈಗಲೂ ಇದೆ.

ಮೂರನೆಯ ವರ್ಷ ಯುದ್ಧ ಬಂತು. ಆಳಿಲ್ಲದೆ ಹಾರಿಬರುವ ಸಣ್ಣ ಸಿಡಿಗುಂಡುಗಳನ್ನು ನಾವು ಗುಂಗಿಹುಳು ಎನ್ನುತ್ತೇವೆ. ಅವು ಒಂದೇ ಬೆಳಿಗ್ಗೆ ರೈಲು ಸೇತುವೆಯನ್ನೂ ರಸ್ತೆ ಸೇತುವೆಯನ್ನೂ ಕೆಡವಿದವು. ಮೇಲಿನ ಹೊಳೆಯ ನೀಲಹಳ್ಳಿಯಲ್ಲಿದ್ದ ನಮ್ಮ ಸೈನ್ಯಕ್ಕೆ ಎಣ್ಣೆ ಹೊತ್ತ ಹದಿನಾಲ್ಕು ದೋಣಿಗಳು ನಮ್ಮ ಬಾಗಿಲಿಗೆ ಬಂದು ನಿಂತವು. ಬುಡಕ್ಕೆ ಹೂಳು ಕೂತು ಬಾಗಿಲು ಅಲ್ಲಾಡಲಿಲ್ಲ. ಎಣ್ಣೆಯನ್ನು ಇಳಿಸಿ ಸಾಗಿಸೋಣವೆಂದರೆ ಬಾಗಿಲಿನಾಚೆ ಬೇರೆ ದೋಣಿಯಿರಲಿಲ್ಲ. ನೀಲಹಳ್ಳಿ ಹುಸೇನಮ್ಮನ ಮಗಳು ಮಾನಮ್ಮನನ್ನು ಕೊಟ್ಟ ಊರು.

ನಾನು ಹುಸೇನಮ್ಮನ ಮುಂದೆ ಹೋಗಿ ನಿಂತೆ. ನನ್ನ ತಪ್ಪನ್ನು ಬರೆದು ಊರಿಗೆಲ್ಲ ಹಂಚುತ್ತೇನೆ ಎಂದೆ. ಅವರು ಮುಖವೆತ್ತಿ ನೋಡಲಿಲ್ಲ.

“ಬರ್ದಿದ್ದು ಸಾಕೋ ತಮ್ಮಾ, ಬುಟ್ಟಿ ಹಿಡಿ.”

ಒಂಬತ್ತು ದಿನ ಊರೆಲ್ಲ ಕೆಸರು ಹೊತ್ತೆವು. ‘ಓದುಮನೆಯವರು ಬಂದರು, ದಾರಿ ಬಿಡಿ’ ಎಂದು ದೋಣಿಯವರು ಮೊದಲೆರಡು ದಿನ ಹಂಗಿಸಿದರು. ಆಮೇಲೆ ಅವರೂ ಕೆಸರಿಗಿಳಿದರು. ಹತ್ತನೆಯ ದಿನ ಬಾಗಿಲು ತೆರೆಯಿತು. ಅಷ್ಟರಲ್ಲಿ ಎಣ್ಣೆ ಸಿಗದ ಸೈನ್ಯ ನೀಲಹಳ್ಳಿಯನ್ನು ಶತ್ರುಗಳಿಗೆ ಬಿಟ್ಟು ಹಿಂದೆ ಸರಿದು ಮೂರು ದಿನವಾಗಿತ್ತು. ಮಾನಮ್ಮ ಏನಾದಳೋ ಇವತ್ತಿಗೂ ಗೊತ್ತಿಲ್ಲ.

ನಿಮ್ಮ ಕಾಲದಲ್ಲಿ ಇಂಥ ಬಾಗಿಲುಗಳ ಮಾತು ಬಂದರೆ ಕಟ್ಟಿ, ಎಲ್ಲರ ಹಣದಿಂದಲೇ ಕಟ್ಟಿ. ವ್ಯಾಪಾರಿಗಳಿಗೆ ಬಿಡಬೇಡಿ, ದೋಣಿಯಿಲ್ಲದ ದಿನ ಬಾಗಿಲು ತೆಗೆಯಲು ಯಾವ ವ್ಯಾಪಾರಿ ಬರುತ್ತಾನೆ? ನನ್ನಂಥವನೊಬ್ಬ ಎದ್ದು ಚೆನ್ನಾಗಿ ಮಾತಾಡಿ ನಗಿಸಿದರೆ ನಕ್ಕುಬಿಡಿ. ಕೈಯೆತ್ತುವ ಮುಂಚೆ ಮಾತ್ರ ಬಾಗಿಲು ಕಾಯುವವರನ್ನು ಇನ್ನೊಮ್ಮೆ ಕೇಳಿ.

ಇವತ್ತು ಎಂಟನೆಯ ದಿನ. ದೋಣಿ ಬಂದಿಲ್ಲ. ಹುಸೇನಮ್ಮ ನನ್ನೊಂದಿಗೆ ಮಾತಾಡುವುದಿಲ್ಲ, ಆದರೂ ಬಾಗಿಲ ಚಕ್ರದ ಇನ್ನೊಂದು ಹಿಡಿಕೆಯನ್ನು ನನಗೆ ಬಿಟ್ಟಿದ್ದಾರೆ. ಅವರು ಮೇಲಿನ ಹೊಳೆಯ ಕಡೆ ನೋಡುತ್ತ ತಿರುಗಿಸುತ್ತಾರೆ. ನಾನು ತಲೆಯೆತ್ತುವುದಿಲ್ಲ. ಹೊತ್ತಾಯಿತು, ಅವರು ಆಗಲೇ ಕಟ್ಟೆ ಹತ್ತಿದ್ದಾರೆ.

ಯಂಕೋಬ